ತುರಹಳ್ಳಿ ಕಡೆಯ ಸೈಕಲ್ ಕ್ಲಬ್ ಜೊತೆ ಎಂಟು ತಿಂಗಳು: ಸೇರಬಹುದು, ಆದರೆ ಪಂಪ್ ನಿಮ್ಮದೇ ಇರಲಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನೋದು ಕೆಳಗಿದೆ. ಕ್ಲಬ್ಬಿನ ಹೆಸರು ಹಾಕಿಲ್ಲ, ಭಾನುವಾರ ಮತ್ತೆ ಅವರ ಜೊತೆಗೇ ಇಡ್ಲಿ ತಿನ್ನಬೇಕು.

ನಾನು ಗದಗ ಕಡೆಯವನು, ಕೆಲಸಕ್ಕೆ ಬೆಂಗಳೂರು. ಕನಕಪುರ ರಸ್ತೆ ಕಡೆ ಮನೆ ಮಾಡಿದ ಮೇಲೆ ತುರಹಳ್ಳಿ ಕಾಡಿನ ಹುಚ್ಚು ಹಿಡಿಯಿತು. ಗುಡ್ಡೆ ಗುಡ್ಡೆ ಬಂಡೆ, ಕೆಂಪು ಮಣ್ಣು, ಬೆಳಗ್ಗೆ ನವಿಲು ಕೂಗು. ಇದನ್ನೆಲ್ಲ ನೋಡಿ ಒಂದು ಮೌಂಟೇನ್ ಬೈಕ್ ತಗೊಂಡೆ. ಬೈಕ್ ಅಂದ ಕೂಡಲೇ ಅವ್ವ ಮೋಟರ್ ಬೈಕ್ ಅಂದುಕೊಂಡು ಗಾಬರಿಯಾದಳು. ಸೈಕಲ್ ಅಂತ ಗೊತ್ತಾದ ಮೇಲೆ, ಅದಕ್ಕೊಂದು ಕ್ಲಬ್ಬಿಗೂ ದುಡ್ಡು ಕಟ್ಟಿದ್ದೇನೆ ಅಂದಾಗ, 'ಸೈಕಲ್ ತುಳಿಯಾಕೂ ರೊಕ್ಕ ಕೊಡ್ತಿಯೇನಪಾ?' ಅಂದಳು. ನಮ್ಮೂರಿನ ಕಡೆ ಸೈಕಲ್ ಅಂದರೆ ಸುಮ್ನೆ ಅಲ್ಲ, 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದಿದ್ದೇ ಗದಗದ ಬಿಂಕದಕಟ್ಟಿಯಲ್ಲಿ. ನಾನು ಮಾತ್ರ ಇಲ್ಲಿಗೆ ಬಂದು ಬ್ರೇಕ್ ಹಿಡಿಯುವುದನ್ನು ಕಲಿಯಬೇಕಾಯಿತು.

ಹೌದು, ಬ್ರೇಕ್. ಮೊದಲ ಎರಡು ವಾರ ಬೇರೆ ಏನನ್ನೂ ಹೇಳಿಕೊಡಲಿಲ್ಲ. ಇಳಿಜಾರಿನಲ್ಲಿ ಹೆದರಿ ಹಿಂದಿನ ಬ್ರೇಕನ್ನು ಒತ್ತಿ ಹಿಡಿದರೆ ಚಕ್ರ ತಿರುಗುವುದು ನಿಂತು ಜಾರುತ್ತದೆ, ಮಣ್ಣನ್ನು ಕೆರೆದು ಹಾಕುತ್ತದೆ, ಆ ಗೀರಿನಲ್ಲೇ ಮುಂದಿನ ಮಳೆಯ ನೀರು ಹರಿದು ವರ್ಷ ಕಳೆಯುವುದರೊಳಗೆ ದಾರಿ ಮಧ್ಯೆ ಒಂದು ಕಾಲುವೆಯೇ ಆಗಿಬಿಡುತ್ತದೆ. ಅವರು ಅಂಥದ್ದೊಂದು ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಮೊಣಕಾಲು ಆಳ. ಎರಡೂ ಬ್ರೇಕನ್ನು ಒಂದೊಂದು ಬೆರಳಲ್ಲಿ ಮೆಲ್ಲಗೆ ಹಿಡಿಯಬೇಕು, ಸೀಟು ಇಳಿಸಿ ಮೈಭಾರ ಹಿಂದಕ್ಕೆ ಹಾಕಬೇಕು. ಹೇಳಲು ಇಷ್ಟೇ, ನನಗೆ ಬರಲು ಒಂದು ತಿಂಗಳು ಹಿಡಿಯಿತು.

ಇನ್ನೊಂದು ವಿಷಯ ನನಗೆ ಪೂರ್ತಿ ಉಲ್ಟಾ ಅನಿಸಿತ್ತು. ದಾರಿಯಲ್ಲಿ ಕೊಚ್ಚೆ ಗುಂಡಿ ಬಂದರೆ ಪಕ್ಕಕ್ಕೆ ಹೋಗಬಾರದು, ನಡುವೆಯೇ ಹೋಗಬೇಕಂತೆ. ಬಟ್ಟೆ ಹಾಳಾದರೆ ಆಗಲಿ. ಪ್ರತಿಯೊಬ್ಬರೂ ಪಕ್ಕಕ್ಕೆ ಸರಿದರೆ ಒಂದಡಿ ದಾರಿ ಆರಡಿ ಆಗುತ್ತದೆ, ಪಕ್ಕದ ಹುಲ್ಲು ಗಿಡ ಎಲ್ಲ ಹೋಗುತ್ತದೆ.

ಮಳೆ ಬಂದರೆ ರೈಡ್ ಕ್ಯಾನ್ಸಲ್. ಇದರ ಬಗ್ಗೆ ನಾನು ಗ್ರೂಪಿನಲ್ಲಿ ಜಗಳವನ್ನೇ ಆಡಿದ್ದೇನೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಹೆಲ್ಮೆಟ್ ಹಾಕಿಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ 'ಇವತ್ತು ಇಲ್ಲ, ನೆಲ ಒದ್ದೆ' ಅಂತ ಮೆಸೇಜು. ಮಳೆ ನಿಂತು ಆರು ಗಂಟೆ ಆಗಿದೆ, ಬಿಸಿಲು ಬರುತ್ತಿದೆ, ಏನ್ರೀ ಇದು ಅಂದೆ. ಒಬ್ಬರು ಸಮಾಧಾನವಾಗಿ ಹೇಳಿದರು, 'ಸರ್, ಹೋಗಿ ಒಂದು ಸಲ ನಡೆದು ಬನ್ನಿ. ಚಪ್ಪಲಿಗೆ ಮಣ್ಣು ಅಂಟಿದರೆ ಟೈರಿಗೂ ಅಂಟುತ್ತದೆ.' ಹೋದೆ. ಚಪ್ಪಲಿ ಒಂದೊಂದು ಕೇಜಿ ಆಯಿತು. ಗ್ರೂಪಿನಲ್ಲಿ ಏನೂ ಬರೆಯಲಿಲ್ಲ, ಸುಮ್ಮನೆ ಮಲಗಿದೆ.

ಆ ಜಾಗ ನಮ್ಮದಲ್ಲ, ಅರಣ್ಯ ಇಲಾಖೆಯದು. ಸುತ್ತ ಅಪಾರ್ಟ್‌ಮೆಂಟು, ನಡುವೆ ಉಳಿದಿರುವ ಚೂರು ಕಾಡು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್, ಅಂದರೆ ಕಾಡಿನೊಳಗೆ ಜನ ಓಡಾಡಲು ದಾರಿ, ಕೂರಲು ಜಾಗ ಅಂತ ಕಟ್ಟುವ ಮಾತು ಬಂದಾಗ ಅಕ್ಕಪಕ್ಕದ ಜನ ಬೇಡ ಅಂತ ಬೀದಿಗೆ ಇಳಿದಿದ್ದರು. ಕಾಂಕ್ರೀಟು ಬೇಡ ಅಂದವರೇ ಸೈಕಲ್ಲಿನಲ್ಲಿ ಅದನ್ನು ಉಳುಮೆ ಮಾಡಿದರೆ ಹೇಗೆ ಅಲ್ವಾ? ಹಾಗಾಗಿ ಯಾವ ದಾರಿಗೆ ಹೋಗಬಹುದು ಅಂತ ಗಾರ್ಡ್ ಹತ್ತಿರ ಕೇಳಿಯೇ ಹೊರಡುತ್ತಾರೆ, ಬೇಡ ಅಂದರೆ ವಾಪಸ್. ಅಲ್ಲಿ ಚಿರತೆ ಕಾಣಿಸಿಕೊಂಡಿದ್ದೂ ಇದೆ, ಅದಕ್ಕೇ ಕತ್ತಲಲ್ಲಿ ಯಾರನ್ನೂ ಬಿಡುವುದಿಲ್ಲ. ನಡೆಯುವವರಿಗೆ ಮೊದಲು ದಾರಿ, ಇಳಿಯುವವನು ಏರುವವನಿಗೆ ನಿಂತು ದಾರಿ ಬಿಡಬೇಕು. ಕುರಿ ಮೇಕೆ ಎದುರಾದರೆ ಎಲ್ಲರೂ ಇಳಿದು ಪಕ್ಕಕ್ಕೆ. ಒಬ್ಬ ಅಜ್ಜ ಮೇಕೆ ಹೊಡೆದುಕೊಂಡು ಹೋಗುತ್ತಾ ಹನ್ನೊಂದು ಜನ ಕೈಕಟ್ಟಿ ನಿಂತಿದ್ದನ್ನು ನೋಡಿ, 'ಏನ್ ಮದುವೆ ದಿಬ್ಬಣಾನಾ?' ಅಂದು ನಕ್ಕಿದ್ದರು.

ತಿಂಗಳಿಗೊಂದು ಭಾನುವಾರ ಕಸ ಆಯುವ ಕೆಲಸ. ಜಾಸ್ತಿ ಸಿಗುವುದು ಬಿಯರ್ ಬಾಟಲಿ ಚೂರು. ಅದು ನಮ್ಮ ಟೈರಿಗೂ ಶತ್ರು, ಹಾಗಾಗಿ ಇದರಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ಮುಗಿದ ಮೇಲೆ ದರ್ಶಿನಿಯಲ್ಲಿ ಇಡ್ಲಿ ವಡೆ, ಬೈಟು ಕಾಫಿ. ಮಕ್ಕಳಿಗೆ ಒಂದು ದಿನ ಇಟ್ಟಿದ್ದರು, ಚೆನ್ನಾಗಿತ್ತು. ರಿಪೇರಿ ಕ್ಲಾಸು ಬೋರು.

ಈಗ ಕಿತ್ತುಕೊಂಡ ಸ್ಟಾರ್ ವಿಷಯ. ಮೂರನೇ ತಿಂಗಳಲ್ಲಿ 'ಹೊಸಬರ ರೈಡ್' ಅಂತ ನಾನೂರು ರೂಪಾಯಿ ಕಟ್ಟಿಸಿಕೊಂಡರು. ಹೊಸಬರ ಜೊತೆ ಮೂರು ಜನ ಹಳೇ ಹುಲಿಗಳು ಸೇರಿಕೊಂಡು ಬಾಣದಂತೆ ಹೋದರು. ಎಲ್ಲರ ಹಿಂದೆ ಹಳಬರೊಬ್ಬರು ಇರಬೇಕು ಅನ್ನೋದು ಅವರದೇ ನಿಯಮ. ಆ ದಿನ ಕೊನೆಯವನು ನಾನೇ. ಜಾಲಿ ಮುಳ್ಳು ಚುಚ್ಚಿ ಗಾಳಿ ಹೋಯಿತು, ಪಂಪ್ ಇಲ್ಲ, ನೆಟ್‌ವರ್ಕ್ ಇಲ್ಲ. ನಲವತ್ತು ನಿಮಿಷ ಸೈಕಲ್ ತಳ್ಳಿಕೊಂಡು ಬಂದರೆ ಅವರು ಎರಡನೇ ಕಾಫಿ ಕುಡಿಯುತ್ತಿದ್ದಾರೆ! ಕ್ಷಮೆ ಕೇಳಿದರು, ದುಡ್ಡು ವಾಪಸ್ ಕೊಡಲು ಬಂದರು, ಅದೇನೋ ಬೇಡ ಅಂದೆ. ಆಮೇಲಿನಿಂದ ಹೊರಡುವಾಗ ತಲೆ ಎಣಿಸುತ್ತಾರೆ.

ಸಣ್ಣ ದೂರು ಇನ್ನೊಂದು. ಅವರದೇ ರೇಸ್ ಮುಗಿದು ವಾರವಾದರೂ ದಾರಿ ಗುರುತಿಗೆ ಕಟ್ಟಿದ್ದ ಕೆಂಪು ಪ್ಲಾಸ್ಟಿಕ್ ಟೇಪು ಒಂದು ಪೊದೆಯಲ್ಲಿ ಹಾಗೇ ನೇತಾಡುತ್ತಿತ್ತು. ಕಿತ್ತು ಜೇಬಿಗೆ ಹಾಕಿಕೊಂಡು ಮುಂದಿನ ಭಾನುವಾರ ಕಾಫಿ ಟೇಬಲ್ ಮೇಲೆ ಇಟ್ಟೆ. ಯಾರೂ ಮಾತಾಡಲಿಲ್ಲ.

ಸ್ಪೀಡು ಬೇಕು, ರೀಲ್ಸ್ ಬೇಕು ಅನ್ನುವವರಿಗೆ ಇದು ಹೇಳಿದ ಜಾಗವಲ್ಲ, ಎರಡು ವಾರದಲ್ಲಿ ಬೇಜಾರಾಗುತ್ತದೆ. ಉಳಿದವರು ಮೊದಲ ದಿನ ಹೋಗುವಾಗ ಹ್ಯಾಂಡಲ್ಲಿಗೆ ಒಂದು ಬೆಲ್ ಹಾಕಿಸಿಕೊಂಡು ಹೋಗಿ. ನನ್ನದು ಇರಲಿಲ್ಲ ಅಂತ ಗೇಟಿನಿಂದಲೇ ವಾಪಸ್ ಕಳಿಸಿದ್ದರು.