ನಡುಮನೆಗೆ ಒಂದು ನೀಲಿ ಗೋಡೆ: ಬಣ್ಣದಂಗಡಿಯ ಅನುಭವ

ಮೈಸೂರಿನ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಒಂದು ಗೋಡೆಗಾದರೂ ಕಡುನೀಲಿ ಬಳಿಸಬೇಕೆಂದು ಹೊರಟಾಗ ಮೊದಲ ಆಕ್ಷೇಪ ಮನೆಯೊಳಗಿನಿಂದಲೇ ಬಂತು. ನೀಲಿ ಶನಿಯ ಬಣ್ಣ, ನಾಲ್ಕು ಜನ ಬಂದು ಕೂರುವ ಜಾಗಕ್ಕೆ ಬೇಡವೆಂಬುದು ಅತ್ತೆಯವರ ವಾದ. ಅವರು ದಿನವೂ ಹೂವೇರಿಸುವ ಪಟದ ಕೃಷ್ಣನ ಮೈಬಣ್ಣವೂ ನೀಲಿಯೇ, ವಿಷ ಕುಡಿದ ಶಿವನನ್ನು ನಾವು ಕರೆಯುವುದೂ ನೀಲಕಂಠನೆಂದೇ. ಅಂಬೇಡ್ಕರ್ ಜಯಂತಿಯಂದು ಬೀದಿಯಲ್ಲಿ ಹಾರುವ ಬಾವುಟಗಳೂ ಅದೇ ಬಣ್ಣದವು. ಅರ್ಥಗಳು ಹೀಗೆ ದಿಕ್ಕಿಗೊಂದಾಗಿರುವಾಗ ನಮಗೊಪ್ಪುವುದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲವೆಂದು ಮುಂದುವರಿದೆವು.

ಹಾಗೆ ನೋಡಿದರೆ ನೀಲಿ ನಮ್ಮ ಗೋಡೆಗಳಿಗೆ ಹೊಸದಲ್ಲ. ಹಬ್ಬದ ಮುಂಚೆ ಸುಣ್ಣ ಹೊಡೆಯುವಾಗ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನೇ ಒಂದು ಚಿಟಿಕೆ ಸುಣ್ಣದ ನೀರಿಗೆ ಕದಡುತ್ತಿದ್ದರು. ಸುಣ್ಣದ ಹಳದಿ ಛಾಯೆ ಅದರಿಂದ ಅಡಗಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಕೈತಪ್ಪಿ ಹೆಚ್ಚು ಬಿದ್ದ ವರ್ಷ ನಮ್ಮ ಅಡುಗೆಮನೆ ಮುಂದಿನ ಹಬ್ಬದವರೆಗೂ ತಿಳಿನೀಲಿಯಾಗಿಯೇ ಉಳಿಯುತ್ತಿತ್ತು. ಆ ಪುಡಿಯ ಹೆಸರು ಅಲ್ಟ್ರಾಮರೀನ್. ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ಕಲ್ಲನ್ನು ಅರೆದು ತೆಗೆಯುತ್ತಿದ್ದ ಈ ಬಣ್ಣ ಒಂದು ಕಾಲಕ್ಕೆ ಯುರೋಪಿನ ಚಿತ್ರಕಾರರಿಗೂ ಕೈಗೆಟುಕದಷ್ಟು ದುಬಾರಿಯಾಗಿತ್ತು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ತಯಾರಿಸುವ ಬಗೆ ತಿಳಿದ ಮೇಲೆ ಬಚ್ಚಲಮನೆಯ ಬಕೆಟ್ಟಿನವರೆಗೂ ಇಳಿದು ಬಂತು.

ಇನ್ನು ಅಂಗಡಿಯ ವಿಷಯ. ನಮ್ಮ ಬಡಾವಣೆಯ ಈ ಅಂಗಡಿಯಲ್ಲಿ ಮೆಚ್ಚಬೇಕಾದದ್ದು ಗಲ್ಲೆಯ ಬಳಿಯಿದ್ದ ಹುಡುಗನ ತಿಳಿವಳಿಕೆ. ಶೇಡ್ ಕಾರ್ಡಿನಲ್ಲಿ ನಾವು ಬೆರಳಿಟ್ಟ ನೀಲಿಯನ್ನು ತಕ್ಷಣ ಕಲಸಿಕೊಟ್ಟು ಕಳುಹಿಸಬಹುದಾಗಿದ್ದರೂ, ಅವನು ಚಿಕ್ಕ ಸ್ಯಾಂಪಲ್ ಡಬ್ಬಿಯನ್ನು ಕೊಟ್ಟು, ಎರಡಡಿ ಚೌಕ ಬಳಿದು ಬೆಳಗ್ಗೆ, ಸಂಜೆ ಮತ್ತು ದೀಪ ಹಾಕಿದ ಮೇಲೆ ನೋಡಿ ಬನ್ನಿ ಎಂದ. ನೋಡಿದೆವು. ಬೆಳಗಿನ ಬೆಳಕಿನಲ್ಲಿ ನವಿಲಿನ ಕತ್ತಿನಂತೆ ಮಿನುಗಿದ ನೀಲಿ, ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ಪಾಚಿ ಹಿಡಿದ ಹಸಿರು ಬೂದಿಯಾಯಿತು. ಅದರಿಂದಾಗಿ ತುಸು ನೇರಳೆಯತ್ತ ವಾಲುವ, ಹಸಿರಿನ ಸುಳಿವಿಲ್ಲದ ಮತ್ತೊಂದು ಶೇಡನ್ನು ಆರಿಸಿದೆವು.

ದೂರು ಹೇಳಬೇಕಾದದ್ದು ಅಳತೆಯ ವಿಷಯದಲ್ಲಿ. ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಗೋಡೆಗೆ ಎರಡು ಕೋಟ್ ಸಾಕು, ಎರಡು ಲೀಟರ್ ತೆಗೆದುಕೊಳ್ಳಿ ಎಂದರು. ಗಾಢ ಬಣ್ಣಗಳನ್ನು ಬಿಳಿ ಪುಡಿ ಬಹಳ ಕಡಿಮೆಯಿರುವ ಬೇಸಿನಲ್ಲಿ, ಅಂದರೆ ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟಿನಲ್ಲಿ, ಕಲಸುವುದರಿಂದ ಅವುಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಸಾಲದು. ಎರಡನೆಯ ಕೋಟ್ ಒಣಗಿದ ಮೇಲೂ ರೋಲರ್ ಎಳೆದ ಪಟ್ಟೆಗಳ ನಡುವೆ ಪ್ರೈಮರಿನ ಬಿಳುಪು ಇಣುಕುತ್ತಿತ್ತು. ವಾರದ ನಂತರ ತಂದ ಮೂರನೆಯ ಲೀಟರ್ ಕೂದಲೆಳೆಯಷ್ಟು ತಿಳಿಯಾಗಿತ್ತು. ಡಬ್ಬಿಯ ಮುಚ್ಚಳದ ಮೇಲಿನ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಶೇಡಿನ ಸಂಖ್ಯೆ ಒಂದೇ ಆಗಿದ್ದರೂ ಬೇಸ್ ಬೇರೆಯಾಗಿತ್ತು. ಮೊದಲು ಒಪ್ಪದ ಮಾಲೀಕರು ಗೋಡೆಯ ಫೋಟೋ ಕಂಡು ಡಬ್ಬಿಯನ್ನು ಬದಲಿಸಿಕೊಟ್ಟರಾದರೂ ಪೇಂಟರಿನ ಒಂದು ದಿನದ ಕೂಲಿ ನಮ್ಮ ತಲೆಗೇ ಬಂತು.

ಗೋಡೆ ಮಾತ್ರ ಚೆನ್ನಾಗಿ ಬಂದಿದೆ. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ. ಅದರ ಪಕ್ಕದಲ್ಲಿ ನೀಲಿ ಕಿರಿಚೀತೆಂದು ಹೆದರಿದ್ದೆ, ಆದರೆ ಎರಡೂ ಗಾಢವಾಗಿರುವುದರಿಂದ ಒಂದನ್ನೊಂದು ತಡೆದು ನಿಲ್ಲಿಸಿವೆ. ಗೋಡೆಗೆ ಒರಗಿಸಿದ ಹಿತ್ತಾಳೆಯ ದೀಪದ ಕಂಬ ಹಿಂದೆಂದೂ ಇಷ್ಟು ಹೊಳೆದು ಕಂಡಿರಲಿಲ್ಲ. ಬೀಟೆ ಮರದ ಕಪ್ಪು ಕುರ್ಚಿ ಮಾತ್ರ ನೀಲಿಯೊಳಗೆ ಮುಳುಗಿಹೋಗುತ್ತಿದ್ದುದರಿಂದ ಅದನ್ನು ಕಿಟಕಿಯ ಬಳಿಗೆ ಸರಿಸಿದ್ದೇವೆ. ಪರದೆ ನೀಲಿಯಾಗಬಾರದು, ಕೋರಾ ಬಿಳಿಯ ಖಾದಿ ಸಾಕು. ನಾಲ್ಕೂ ಗೋಡೆ ಇದೇ ಬಣ್ಣವಾಗಿದ್ದರೆ ಮಳೆಗಾಲದ ಮಧ್ಯಾಹ್ನ ಆ ಕೋಣೆಯಲ್ಲಿ ಪತ್ರಿಕೆ ಓದಲಾಗುತ್ತಿರಲಿಲ್ಲ.

ಮಹಡಿಯ ಕೋಣೆಗೂ ಇದೇ ಅಂಗಡಿಗೆ ಹೋಗುವವಳಿದ್ದೇನೆ. ಆದರೆ ಈ ಸಲ ಮೂರು ಕೋಟ್‌ಗಳಿಗೆ ಬೇಕಾದಷ್ಟನ್ನೂ ಒಂದೇ ದಿನ ಕಲಸಿಸಿ, ಎಲ್ಲ ಡಬ್ಬಿಗಳನ್ನು ಮನೆಯ ದೊಡ್ಡ ಬಕೆಟ್ಟಿಗೆ ಸುರಿದು ಒಂದಾಗಿಸಿದ ಮೇಲೆಯೇ ಪೇಂಟರಿನ ಕೈಗೆ ರೋಲರ್ ಕೊಡುವುದು.