ಹಳೇ ಕಾರಿಗೆ ಮ್ಯಾಟ್ ಬಣ್ಣ ಹೊಡೆಸುವ ಮುಂಚೆ ಇದನ್ನು ಓದಿ

ಹಳೇ ಕಾರಿಗೆ ಮ್ಯಾಟ್ ಫಿನಿಶ್, ಅಂದರೆ ಹೊಳಪಿಲ್ಲದ ಬಣ್ಣ, ಮಾಡಿಸಬೇಕು ಅಂತ ಯೋಚನೆಯಲ್ಲಿರುವವರು, ಅದರಲ್ಲೂ ನಮ್ಮ ತುಮಕೂರು ಕಡೆಯವರು, ಮುಂಗಡ ಕೊಡುವ ಮುಂಚೆ ಇದನ್ನು ಓದಿ. ನಮ್ಮ ದೊಡ್ಡಪ್ಪನ ಹೆರಾಲ್ಡ್ ಕಾರಿಗೆ ಆದ ಗತಿ ಇದು. ಪೇಂಟ್ ಅಂಗಡಿಯ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಅವರೊಬ್ಬರೇ ಹೀಗೆ ಮಾಡುತ್ತಾರೆ ಅಂತ ನಾನು ನಂಬುವುದೂ ಇಲ್ಲ.

ಕಾರು 60ರ ದಶಕದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ ತಯಾರಾಗಿದ್ದು, 948 ಸಿಸಿ ಎಂಜಿನ್. ಮೂಲ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು, ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಇದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಬಿಟ್ಟರು. ಅದೊಂದು ವಿಷಯ ಹಿಡಿದುಕೊಂಡು ದೊಡ್ಡಪ್ಪ ತಮ್ಮ ಗಾಡಿಯನ್ನೂ ಸ್ಪೋರ್ಟ್ಸ್ ಕಾರು ಅಂತಲೇ ಕರೆಯುತ್ತಾರೆ. ಮನೆಯಲ್ಲಿ ಯಾರೂ ವಾದಕ್ಕೆ ಹೋಗುವುದಿಲ್ಲ.

ಬಣ್ಣ ಕೆನೆ ಬಣ್ಣ. ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಬಾಗಿಲ ಕೆಳಗೆ ತುಕ್ಕು ಬಂದಿತ್ತು. ಹೊಡೆಸಬೇಕಾಗಿದ್ದು ನಿಜ. ಅದೇ ಕೆನೆ ಬಣ್ಣ ಸಾಕು ಅಂತ ದೊಡ್ಡಪ್ಪ. ಅವರ ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿ ಓಡಾಡುವ ದುಬಾರಿ ಗಾಡಿಗಳ ಮ್ಯಾಟ್ ಬಣ್ಣ ಅವನ ತಲೆ ಹೊಕ್ಕಿತ್ತು. "ಒಳ್ಳೇ ಗೋಡೆಗೆ ಪ್ರೈಮರ್ ಹೊಡೆದು ಅರ್ಧಕ್ಕೇ ಬಿಟ್ಟಂಗೆ ಇರುತ್ತೆ ಕಣಪ್ಪ ಅದು" ಅಂತ ದೊಡ್ಡಪ್ಪ ಅಂದರು. "ಅಪ್ಪಾ, ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಅಂದ ಇವನು. ದುಡ್ಡು ಕೊಡುವವನು ಅವನೇ ಆಗಿದ್ದರಿಂದ ಗೆದ್ದ.

ಮೊದಲು ಅವನು ಕೇಳಿದ್ದು ಮಿಲಿಟರಿ ಹಸಿರು. ಅಂಗಡಿಯವರು "ಆಯ್ತು ಸಾರ್, ಮಾಡಿಕೊಡೋಣ" ಅಂದುಬಿಟ್ಟರು. ನಿಮಗೂ ಈ ಆಸೆ ಇದ್ದರೆ ತಿಳಿದಿರಲಿ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಾವು ನೀವು ಹೊಡೆಸುವ ಹಾಗಿಲ್ಲ. ದಿನಾ ಬಣ್ಣ ಹೊಡೆಯುವ ಅಂಗಡಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ನಾನು ತೋರಿಸಿದ ಮೇಲೆ "ಯಾರು ನೋಡ್ತಾರೆ ಸಾರ್" ಅಂದರು. ಕೊನೆಗೆ ಮ್ಯಾಟ್ ಬೂದು ಬಣ್ಣಕ್ಕೆ ಮಾತಾಯಿತು. ಪಾಲಿಶ್ ಖರ್ಚಿಲ್ಲ, ಗೀರು ಕಾಣಲ್ಲ, ಐದು ವರ್ಷ ಮುಟ್ಟಿ ನೋಡಬೇಕಾಗಿಲ್ಲ ಅಂತ ಭರವಸೆ ಕೊಟ್ಟರು. ಎಲ್ಲಾ ಬಾಯಿಮಾತು.

ಕಾರು ಮನೆಗೆ ಬಂದ ದಿನ ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಹಿಂದಿನ ರೆಕ್ಕೆಯಂಥ ಅಂಚುಗಳು ಆ ಬೂದು ಬಣ್ಣದಲ್ಲಿ ಎದ್ದು ಕಾಣುತ್ತಿದ್ದವು. ಬೀದಿ ಹುಡುಗರೆಲ್ಲ ಫೋಟೋ ತೆಗೆದುಕೊಂಡರು. ಕಿಟಕಿ ರಬ್ಬರ್ ಮೇಲೆಲ್ಲ ಬಣ್ಣ ಕೂತಿತ್ತು, ಬಂಪರ್ ಬಿಚ್ಚದೆ ಪೇಪರ್ ಅಂಟಿಸಿ ಹೊಡೆದಿದ್ದರು. ಅದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

ಮೊದಲ ಮಳೆಗಾಲದಲ್ಲೇ ಬಾನೆಟ್ ಅಂಚಿನಲ್ಲಿ ಬಣ್ಣ ಸುಕ್ಕುಗಟ್ಟಿತು. ಉಗುರು ಹಾಕಿದರೆ ಹಾಳೆ ಹಾಳೆಯಾಗಿ ಏಳುತ್ತಿತ್ತು, ಕೆಳಗೆ ಹಳೇ ಕೆನೆ ಬಣ್ಣ. ಅಂದರೆ ಹಳೇ ಬಣ್ಣ ತೆಗೆದೇ ಇರಲಿಲ್ಲ, ವಾಟರ್ ಪೇಪರ್ ತಿಕ್ಕಿ ಅದರ ಮೇಲೇ ಹೊಡೆದಿದ್ದರು. ಹಿಂದಿನ ಕಾಲದ ಡ್ಯೂಕೋ ಥರದ ಬಣ್ಣಕ್ಕೆ ಥಿನ್ನರ್ ತಾಗಿದರೆ ಅದು ಕರಗುತ್ತದೆ. ಅದರ ಮೇಲೆ ಈಗಿನ, ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಬಣ್ಣ ಬಿದ್ದರೆ ಕೆಳಗಿನದು ಉಬ್ಬಿ ಸುಕ್ಕಾಗುತ್ತದೆ. ನಿಮ್ಮ ಕಾರಿನಲ್ಲಿ ಯಾವ ಬಣ್ಣ ಇದೆ ಅಂತ ನೀವೇ ನೋಡಬಹುದು. ಡಿಕ್ಕಿ ಒಳಗೆ ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ. ಬಟ್ಟೆಗೆ ಬಣ್ಣ ಇಳಿದರೆ ಹಳೇ ಥರದ್ದು, ಪೂರ್ತಿ ತೆಗೆಸದೆ ಮುಂದಕ್ಕೆ ಹೋಗಬೇಡಿ.

ಎರಡನೆಯದು ಇನ್ನೂ ಕೆಟ್ಟದ್ದು. ದೊಡ್ಡಮ್ಮ ಒಂದು ದಿನ ಹಳೇ ಬನಿಯನ್ ಒದ್ದೆ ಮಾಡಿ ಕಾರು ಒರೆಸಿದರು. ಬಿಳಿ ಬನಿಯನ್ ಬೂದಿ ಬಣ್ಣಕ್ಕೆ ತಿರುಗಿತು. ನಮಗೆ ಗೊತ್ತಿರುವ ಇನ್ನೊಬ್ಬ ಪೇಂಟ್ ಮೇಸ್ತ್ರಿಯನ್ನು ಕರೆಸಿದೆವು. ಆತ ಬಾಗಿಲ ಒಳ ಅಂಚಿನಲ್ಲಿ ಉಜ್ಜಿ ನೋಡಿ, "ಇದಕ್ಕೆ ಕ್ಲಿಯರೇ ಹೊಡೆದಿಲ್ಲ ಸಾರ್, ಬೇಸ್ ಕೋಟ್‌ಗೇ ಬಿಟ್ಟವ್ರೆ" ಅಂದ. ಬೇಸ್ ಕೋಟ್ ಅಂದರೆ ಬಣ್ಣದ ಪದರ, ಒಣಗಿದ ಮೇಲೆ ತಾನಾಗಿಯೇ ಹೊಳಪಿಲ್ಲದೆ ಕಾಣುತ್ತದೆ. ಅದರ ಮೇಲೆ ಮ್ಯಾಟ್ ಕ್ಲಿಯರ್ ಕೋಟ್ ಅನ್ನೋ ಬಣ್ಣವಿಲ್ಲದ ಪಾರದರ್ಶಕ ಪದರ ಬರಬೇಕು, ಬಿಸಿಲು ಮಳೆಯಿಂದ ಕಾಯುವುದು ಅದೇ. ಆ ಡಬ್ಬದ ದುಡ್ಡನ್ನು ಉಳಿಸಿಕೊಂಡು ಇದೇ ಮ್ಯಾಟ್ ಅಂತ ಕೊಟ್ಟುಬಿಟ್ಟಿದ್ದರು. ದೊಡ್ಡಪ್ಪ ಹೇಳಿದ್ದ ಗೋಡೆಯ ಮಾತು ಅಕ್ಷರಶಃ ನಿಜವಾಗಿತ್ತು. ಮಗನ ಮುಖ ನೋಡುವ ಹಾಗಿರಲಿಲ್ಲ.

ಸರಿ, ನಿಜವಾದ ಮ್ಯಾಟ್ ಕ್ಲಿಯರ್ ಹೊಡೆದಿದ್ದರೆ ಎಲ್ಲಾ ಸರಿ ಇರುತ್ತಿತ್ತಾ? ನನ್ನ ಪ್ರಕಾರ ನಮ್ಮೂರಿನಲ್ಲಿ ಆಗಲೂ ಕಷ್ಟವೇ. ಮ್ಯಾಟ್ ಅಂದರೆ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒರಟಾಗಿರುತ್ತದೆ. ಬಿದ್ದ ಬೆಳಕು ಚದುರಿಹೋಗುವುದರಿಂದ ಹೊಳಪು ಕಾಣುವುದಿಲ್ಲ. ಆ ಒರಟು ಸವೆದ ಕಡೆ ಮತ್ತೆ ಹೊಳಪು ಬರುತ್ತದೆ, ಅದನ್ನು ವಾಪಸ್ ಮ್ಯಾಟ್ ಮಾಡುವ ಪಾಲಿಶ್ ಇಲ್ಲ. ದೊಡ್ಡಪ್ಪ ಕಿಟಕಿ ಇಳಿಸಿ ಮೊಣಕೈ ಇಟ್ಟು ಓಡಿಸುವವರು. ಡ್ರೈವರ್ ಬಾಗಿಲ ಮೇಲೆ, ಸರಿಯಾಗಿ ತೋಳು ತಾಗುವ ಕಡೆ, ಅಂಗೈ ಅಗಲದ ಜಿಡ್ಡುಜಿಡ್ಡು ಹೊಳಪು ಬಂದು ಕೂತಿದೆ. ಪೆಟ್ರೋಲ್ ಮುಚ್ಚಳದ ಸುತ್ತ ಇನ್ನೊಂದು.

ಇನ್ನು ನೀರಿನ ವಿಷಯ. ಬುಗುಡನಹಳ್ಳಿ ಕೆರೆಯಿಂದ ಕುಡಿಯಲು ಬರುವ ಹೇಮಾವತಿ ನೀರನ್ನು ಕಾರಿಗೆ ಸುರಿದರೆ ಮನೆಯವರು ಬಿಡುತ್ತಾರಾ? ಕಾರಿಗೆ ಬೋರ್‌ವೆಲ್ ನೀರೇ ಗತಿ. ಆ ಗಡಸು ನೀರು ಬಿಸಿಲಿಗೆ ಆರಿದರೆ ಬಿಳಿ ಉಂಗುರ ಬಿಡುತ್ತದೆ. ಹೊಳಪಿನ ಬಣ್ಣವಾದರೆ ಪಾಲಿಶ್ ಹಾಕಿ ತೆಗೆಯಬಹುದು. ಮ್ಯಾಟ್‌ನಲ್ಲಿ ಉಜ್ಜಿದರೆ ಉಂಗುರದ ಜಾಗಕ್ಕೆ ಹೊಳಪಿನ ಕಲೆ ಬರುತ್ತದೆ. ಹಕ್ಕಿ ಪಿಕ್ಕೆ, ಹುಣಸೆ ಮರದ ಕೆಳಗೆ ನಿಲ್ಲಿಸಿದಾಗ ಬೀಳುವ ಅಂಟು, ಎಲ್ಲದಕ್ಕೂ ಇದೇ ಕಥೆ. ಮ್ಯಾಟ್ ಕಾರು ಇಟ್ಟುಕೊಂಡವರು ಕೊನೆಯ ಬಕೆಟ್ ಆರ್‌ಒ ನೀರು ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ತಿಕ್ಕದೆ ಒತ್ತಿ ನೀರು ತೆಗೆಯಬೇಕು. ಪ್ರತಿ ಸಲವೂ. ಮಾಡುತ್ತೀರಾ?

ಹೆರಾಲ್ಡ್ ಇರುವವರಿಗೆ ಇನ್ನೊಂದು ಮಾತು. ಇದರ ಬಾನೆಟ್ ಬೇರೆ ಕಾರಿನಂತಲ್ಲ. ಮುಂದಿನ ಎರಡೂ ಮಡ್‌ಗಾರ್ಡ್ ಸೇರಿ ಒಂದೇ ತುಂಡು, ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮ್ಯಾಟ್ ಬಣ್ಣಕ್ಕೆ ಟಚಪ್ ಆಗುವುದಿಲ್ಲ. ಬಣ್ಣ ಹೊಡೆಯುವ ಗನ್ ಎಷ್ಟು ದೂರ ಹಿಡಿದರು, ಕೋಟ್ ಎಷ್ಟು ದಪ್ಪ ಬಿತ್ತು ಅನ್ನುವುದರ ಮೇಲೆ ಹೊಳಪು ಬದಲಾಗುವುದರಿಂದ ಹೊಸ ತೇಪೆ ಎದ್ದು ಕಾಣುತ್ತದೆ. ಹಾಗಾಗಿ ಅಂಚಿನಿಂದ ಅಂಚಿಗೆ ಪೂರ್ತಿ ಪ್ಯಾನಲ್ ಹೊಡೆಯಬೇಕು. ಹೆಡ್‌ಲೈಟ್ ಪಕ್ಕ ಸೈಕಲ್ ಹ್ಯಾಂಡಲ್ ತಾಗಿ ಬೆರಳುದ್ದ ಗೀರು ಬಿದ್ದರೂ ಕಾರಿನ ಮುಂದಿನ ಭಾಗವೆಲ್ಲ ಹೊಸದಾಗಿ ಬಣ್ಣ ಕಾಣಬೇಕು.

ಅಂಗಡಿಯವರು ಆರ್‌ಸಿ ವಿಷಯ ಎತ್ತಿಯೇ ಇರಲಿಲ್ಲ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಬದಲಾಯಿಸಿದರೆ ಆರ್‌ಟಿಒದಲ್ಲಿ ಹೇಳಿ ತಿದ್ದಿಸಿಕೊಳ್ಳಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಇರುವುದರಿಂದ ಯಾವತ್ತಾದರೂ ಗಾಡಿ ತೋರಿಸಲೇಬೇಕು. ಸ್ಟಿಕರ್ ಥರ ವಿನೈಲ್ ಅಂಟಿಸಿದರೆ ತಲೆನೋವಿಲ್ಲ ಅನ್ನುವವರೂ ಇದ್ದಾರೆ. ಬಣ್ಣ ಬೇರೆಯಾಗಿ ಕಂಡರೆ ಕೇಳುವವರು ಕೇಳುತ್ತಾರೆ. ಮೇಲಾಗಿ ಬಿರುಕು ಬಿಟ್ಟ ಹಳೇ ಬಣ್ಣದ ಮೇಲೆ ಅಂಟಿಸಿದರೆ ಕೀಳುವಾಗ ಬಣ್ಣವೂ ಜೊತೆಗೇ ಕಿತ್ತು ಬರುತ್ತದೆ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ: "ನೀವು ಸೋಪು ಹಾಕಿ ತೊಳೆದಿದ್ದೀರಾ, ಅದಕ್ಕೇ ಹೋಗಿದೆ." ಬಿಲ್ಲಿನಲ್ಲಿ ಬರೆದಿದ್ದು "ಫುಲ್ ಪೇಂಟಿಂಗ್" ಅಂತ ಎರಡೇ ಪದ. ಕ್ಲಿಯರ್ ಹೊಡೆಯುತ್ತೇವೆ ಅಂದಿದ್ದಕ್ಕೆ ಯಾವ ಕಾಗದವೂ ಇಲ್ಲ. ನೀವು ಗಾಡಿ ಕೊಡುವ ಮುಂಚೆ ಬರೆಸಿಕೊಳ್ಳಿ: ಹಳೇ ಬಣ್ಣ ತಗಡಿನವರೆಗೆ ತೆಗೆಯುತ್ತಾರಾ, ಪ್ರೈಮರ್ ಯಾವುದು, ಕ್ಲಿಯರ್ ಯಾವ ಕಂಪನಿಯದು, ಎಷ್ಟು ಕೋಟ್. ಡಬ್ಬ ನಿಮ್ಮ ಎದುರೇ ಒಡೆಯಲಿ. ಇಷ್ಟಾದರೂ ಮ್ಯಾಟೇ ಬೇಕು ಅನ್ನಿಸಿದರೆ ಗುಜರಿಯಿಂದ ಒಂದು ಹಳೇ ಬಾಗಿಲು ತಂದು ಅದಕ್ಕೆ ಹೊಡೆಸಿ. ಒಂದು ಬೇಸಿಗೆ, ಒಂದು ಮಳೆಗಾಲ ತಾರಸಿ ಮೇಲೆ ಇಟ್ಟು, ನಿಮ್ಮ ಮನೆ ಬೋರ್ ನೀರಲ್ಲೇ ತೊಳೆಯುತ್ತಾ ನೋಡಿ.

ಈಗ ಎಲ್ಲಾ ಕೆರೆದು ತಗಡಿನಿಂದ ಶುರು ಮಾಡಿಸುತ್ತಿದ್ದೇವೆ. ಮೊದಲಿನದಕ್ಕಿಂತ ಖರ್ಚು ಜಾಸ್ತಿ. ಹಳೇ ಕೆನೆ ಬಣ್ಣದ ಸರಿಯಾದ ಶೇಡ್ ಸಿಗುವುದೇ ಕಷ್ಟವಾಗಿತ್ತು, ಹೊರಗೆಲ್ಲಾ ಬಿಸಿಲಿಗೆ ಮಾಸಿತ್ತು. ಡಿಕ್ಕಿಯಲ್ಲಿ ಪೆಟ್ರೋಲ್ ಟ್ಯಾಂಕ್ ಬಿಚ್ಚಿದಾಗ ಅದರ ಹಿಂದೆ ಅಂಗಡಿಯವರ ಗನ್ ತಲುಪದ ಒಂದಷ್ಟು ಜಾಗ ಸಿಕ್ಕಿತು. ಅದನ್ನೇ ತೋರಿಸಿ ಬಣ್ಣ ಮಿಕ್ಸ್ ಮಾಡಿಸಿದೆವು. ನೀವು ಯಾವ ಬಣ್ಣವನ್ನಾದರೂ ಹೊಡೆಸಿಕೊಳ್ಳಿ, ಡಿಕ್ಕಿಯ ನೆಲಹಾಸಿನ ಕೆಳಗೆ ಒಂದು ಗೇಣು ಜಾಗ ಮುಟ್ಟಬೇಡಿ ಅಂತ ಮೇಸ್ತ್ರಿಗೆ ಹೇಳಿಡಿ.