ಅಳತೆ ಮೊದಲು, ತೀರ್ಮಾನ ಆಮೇಲೆ: ಡಕ್ಟ್ ತಪಾಸಣೆ ಸೇವೆಯೊಂದರ ವಿಮರ್ಶೆ

ಮನೆಯ ಅಟ್ಟದಲ್ಲಿ ಹಾಯುವ ಹವಾನಿಯಂತ್ರಣದ ಡಕ್ಟುಗಳನ್ನು, ಅಂದರೆ ಗಾಳಿ ಸಾಗಿಸುವ ಕೊಳವೆಗಳನ್ನು, ತಪಾಸಣೆ ಮಾಡಿಸಿ, ಕೆಲವನ್ನು ದುರಸ್ತಿಗೊಳಿಸಿ, ಕೆಲವನ್ನು ಬದಲಾಯಿಸಿಕೊಂಡು ಈಗ ಮೂರು ತಿಂಗಳಾಗಿವೆ. ಕೆಲಸ ಮುಗಿದ ಮರುದಿನವೇ ಬರೆಯಬಹುದಿತ್ತು. ಆದರೆ ಡಕ್ಟಿನ ಕೆಲಸ ಕಣ್ಣಿಗೆ ಬೀಳದ ಜಾಗದಲ್ಲಿ ನಡೆಯುವುದರಿಂದ, ಅದರ ಫಲ ಕೋಣೆಗಳಲ್ಲಿ ನಿಲ್ಲುತ್ತದೆಯೇ ಎಂಬುದನ್ನು ನೋಡಿದ ಮೇಲೆ ಬರೆಯುವುದೇ ಸರಿಯೆನಿಸಿತು.

ತೊಂದರೆ ಒಂದೇ ದಿನ ಎದುರಾದದ್ದಲ್ಲ. ಹಿಂಬದಿಯ ಮಲಗುವ ಕೋಣೆ ಎರಡು ಬೇಸಿಗೆಗಳಿಂದ ಸರಿಯಾಗಿ ತಣ್ಣಗಾಗುತ್ತಿರಲಿಲ್ಲ. ಯಂತ್ರ ಹಿಂದಿಗಿಂತ ಹೆಚ್ಚು ಹೊತ್ತು ಓಡುತ್ತಿತ್ತು, ಬಿಲ್ಲು ಏರುತ್ತಿತ್ತು, ಒರೆಸಿದ ಮೇಜಿನ ಮೇಲೆ ಎರಡೇ ದಿನಕ್ಕೆ ಧೂಳು ಕೂರುತ್ತಿತ್ತು. ಗಾಳಿ ಹೊರಬರುವ ಗ್ರಿಲ್‌ಗಳ ಸುತ್ತ ಕಪ್ಪು ಗೆರೆಗಳು ಮೂಡಿದ್ದವು, ಮತ್ತು ಯಂತ್ರ ಶುರುವಾದ ಮೊದಲ ಕೆಲವು ನಿಮಿಷ ಅಟ್ಟದ ಬಿಸಿಮರದ ವಾಸನೆ ಕೋಣೆಗೆ ಇಳಿಯುತ್ತಿತ್ತು. ಮೊದಲು ಕರೆಸಿದ ತಂತ್ರಜ್ಞರು ಅಟ್ಟದ ಬಾಯಿಯಿಂದಲೇ ಟಾರ್ಚ್ ಹಾಯಿಸಿ, ಐದು ನಿಮಿಷದೊಳಗೆ ಎಲ್ಲ ಡಕ್ಟುಗಳನ್ನೂ ಕಿತ್ತು ಹೊಸದಾಗಿ ಹಾಕಬೇಕೆಂದು ಹೇಳಿದರು. ಕಾರಣ ಕೇಳಿದಾಗ, ಹದಿನೆಂಟು ವರ್ಷ ಹಳೆಯದಾಗಿದೆ ಎಂಬುದೊಂದೇ ಉತ್ತರ ಬಂತು. ವಯಸ್ಸು ಗಮನಿಸಬೇಕಾದ ಸಂಗತಿ ಹೌದು. ಹದಿನೈದು ಇಪ್ಪತ್ತು ವರ್ಷ ದಾಟಿದ ಫ್ಲೆಕ್ಸ್ ಡಕ್ಟನ್ನು, ಅಂದರೆ ಬಳುಕುವ ಮೃದು ಕೊಳವೆಯನ್ನು, ಅನುಮಾನದಿಂದ ನೋಡುವುದು ಯುಕ್ತವೇ. ಆದರೆ ಒಣಗಿರುವ, ತುಕ್ಕು ಹಿಡಿಯದ ತಗಡಿನ ಡಕ್ಟು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ನಮ್ಮ ಮನೆಯಲ್ಲಿ ಎರಡೂ ಬಗೆಯವಿದ್ದವು, ಅವರು ಎರಡಕ್ಕೂ ಒಂದೇ ತೀರ್ಪು ಕೊಟ್ಟಿದ್ದರು.

ಈ ವಿಮರ್ಶೆ ಎರಡನೆಯದಾಗಿ ಬಂದ ತಂಡದ ಕುರಿತದ್ದು. ಅವರು ಬಂದೊಡನೆ ಅಟ್ಟಕ್ಕೆ ಏಣಿ ಹಾಕಲಿಲ್ಲ. ಮೊದಲು ಫಿಲ್ಟರ್ ತೆಗೆದು ನೋಡಿದರು, ಗಾಳಿಯನ್ನು ತಣ್ಣಗಾಗಿಸುವ ಕೂಲಿಂಗ್ ಕಾಯಿಲಿನ ಮೇಲೆ ಕೊಳೆ ಕಟ್ಟಿದೆಯೇ ಎಂದು ಪರೀಕ್ಷಿಸಿದರು, ಕೊಳವೆಗಳೊಳಗೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ತಟ್ಟೆಗಳಾದ ಡ್ಯಾಂಪರುಗಳು ಯಾವ ಸ್ಥಿತಿಯಲ್ಲಿವೆ ಎಂದು ತಿರುಗಿಸಿ ನೋಡಿದರು. ಗಾಳಿ ಕಡಿಮೆ ಬರುತ್ತಿದೆ ಎಂಬ ದೂರಿಗೆ ಎಷ್ಟೋ ಸಲ ಕಟ್ಟಿಕೊಂಡ ಫಿಲ್ಟರೋ ಮುಚ್ಚಿಹೋದ ಡ್ಯಾಂಪರೋ ಕಾರಣವಾಗಿರುತ್ತದೆ, ಡಕ್ಟಿನ ತಪ್ಪೇ ಇರುವುದಿಲ್ಲ. ಇದನ್ನು ಮೊದಲೇ ಬಗೆಹರಿಸಿಕೊಳ್ಳುವ ತಂಡದ ಮೇಲೆ ನನಗೆ ಅಲ್ಲಿಯೇ ವಿಶ್ವಾಸ ಹುಟ್ಟಿತು.

ಅನಂತರ ಉಷ್ಣತೆ ಅಳೆದರು. ಯಂತ್ರದಿಂದ ಗಾಳಿ ಹೊರಡುವಲ್ಲಿ 13 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಹಿಂಬದಿಯ ಕೋಣೆಯ ಗ್ರಿಲ್ ತಲುಪುವಾಗ 19 ಆಗಿತ್ತು. ಯಂತ್ರ ತನ್ನ ಕೆಲಸ ಮಾಡುತ್ತಿದೆ, ತಂಪು ದಾರಿಯಲ್ಲಿ ಕಳೆದುಹೋಗುತ್ತಿದೆ ಎಂಬುದು ಈ ಎರಡು ಅಂಕಿಗಳಿಂದಲೇ ಸ್ಪಷ್ಟವಾಯಿತು. ಥರ್ಮಾಮೀಟರ್ ಇರುವ ಯಾರು ಬೇಕಾದರೂ ಇಷ್ಟನ್ನು ತಾವೇ ನೋಡಿಕೊಳ್ಳಬಹುದು. ಯಂತ್ರದೊಳಗೆ ಗಾಳಿ ಊದುವ ಫ್ಯಾನಾದ ಬ್ಲೋವರಿನ ಎರಡು ಬದಿಗಳ ಒತ್ತಡವನ್ನೂ ಅವರು ಅಳೆದರು. ಮನೆಗಳ ಬಹುಪಾಲು ಬ್ಲೋವರುಗಳನ್ನು ಸುಮಾರು 125 ಪಾಸ್ಕಲ್ ಒತ್ತಡಕ್ಕೆ, ಅಂದರೆ ಅರ್ಧ ಅಂಗುಲ ಎತ್ತರದ ನೀರು ಹಾಕುವಷ್ಟು ಒತ್ತಡಕ್ಕೆ, ಹೊಂದುವಂತೆ ರೂಪಿಸಿರುತ್ತಾರೆ; ನಮ್ಮದು ಅದನ್ನು ಬಹಳವೇ ಮೀರಿತ್ತು. ಎಲ್ಲೋ ಸೋರಿಕೆ ಇರುವುದರ ಜೊತೆಗೆ ಇನ್ನೆಲ್ಲೋ ಗಾಳಿಗೆ ಅಡ್ಡಿಯೂ ಇದೆ ಎಂದು ಅವರು ಆಗಲೇ ಹೇಳಿದರು, ಅಟ್ಟ ಹತ್ತಿದಾಗ ಎರಡೂ ನಿಜವಾಯಿತು.

ಅಟ್ಟದಲ್ಲಿ ಕಂಡದ್ದನ್ನು ತುಸು ವಿವರವಾಗಿಯೇ ಹೇಳಬೇಕು. ಹಿಂಬದಿಯ ಕೋಣೆಗೆ ಹೋಗುವ ಫ್ಲೆಕ್ಸ್ ಡಕ್ಟಿಗೆ ಆಧಾರದ ಪಟ್ಟಿಗಳನ್ನು ದೂರ ದೂರ ಕಟ್ಟಿದ್ದರಿಂದ ಅದು ಎರಡು ಕಡೆ ಜೋಲು ಬಿದ್ದಿತ್ತು. ಆಧಾರಗಳ ನಡುವೆ ಪ್ರತಿ ಅಡಿಗೆ ಅರ್ಧ ಅಂಗುಲಕ್ಕಿಂತ ಹೆಚ್ಚು ಜೋಲಬಾರದೆಂಬುದು ಈ ವೃತ್ತಿಯ ನಿಯಮ. ಅದಲ್ಲದೆ ಅಗತ್ಯಕ್ಕಿಂತ ಉದ್ದವಾದ ಡಕ್ಟನ್ನು ಕತ್ತರಿಸದೆ ಒತ್ತಿ ಕೂರಿಸಿದ್ದರು. ಹಾಗೆ ಮಾಡಿದಾಗ ಒಳಗಿನ ಪದರ ಸುಕ್ಕುಗಟ್ಟಿ ಪ್ರತಿಯೊಂದು ಸುಕ್ಕೂ ಗಾಳಿಯನ್ನು ತಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ಡಕ್ಟು ಗಟ್ಟಿಯಾಗಿಯೇ ಕಾಣುತ್ತದೆ, ಎಲ್ಲಿಯೂ ಹರಿದಿರುವುದಿಲ್ಲ, ಆದರೂ ಕೋಣೆಗೆ ಗಾಳಿ ಬರುವುದಿಲ್ಲ.

ತಗಡಿನ ಮುಖ್ಯ ಕೊಳವೆಯ ಜೋಡಣೆಗಳಿಗೆ ಬಟ್ಟೆಯ ಅಂಟುಪಟ್ಟಿ ಸುತ್ತಿದ್ದರು. ಅದರ ಅಂಟು ಒಣಗಿ, ಪಟ್ಟಿ ಸಿಪ್ಪೆಯಂತೆ ಎದ್ದು ಬಂದಿತ್ತು. ಹೆಸರಿನಲ್ಲಿ ಡಕ್ಟ್ ಟೇಪ್ ಎಂದಿದ್ದರೂ ಈ ಪಟ್ಟಿ ಡಕ್ಟಿಗೆ ತಕ್ಕುದಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಬಿಸಿ ಮತ್ತು ಒತ್ತಡದಲ್ಲಿ ಹಲವು ಬಗೆಯ ಪಟ್ಟಿಗಳನ್ನು ಪರೀಕ್ಷಿಸಿ, ಬಟ್ಟೆಯ ಪಟ್ಟಿಯೇ ಬೇಗ ಸೋಲುತ್ತದೆಂದು 1998ರಲ್ಲಿಯೇ ತಿಳಿಸಿದ್ದರು. ಜೋಡಣೆಗಳಿಗೆ ಬೇಕಾದದ್ದು ಬ್ರಷ್ಷಿನಿಂದ ಹಚ್ಚುವ ಮಾಸ್ಟಿಕ್ ಲೇಪ, ಅಥವಾ ಡಕ್ಟಿಗೆಂದೇ ಪ್ರಮಾಣೀಕರಿಸಿದ ಲೋಹದ ಹಾಳೆಯ ಪಟ್ಟಿ. ಅಟ್ಟದಲ್ಲಿ ಬಟ್ಟೆಯ ಪಟ್ಟಿ ಕಣ್ಣಿಗೆ ಬಿದ್ದರೆ, ಅದರಡಿಯ ಜೋಡಣೆ ಸೋರುತ್ತಿರಬಹುದೆಂದು ಎಣಿಸಿಯೇ ಪರೀಕ್ಷಿಸುವುದು ಒಳ್ಳೆಯದು.

ಕೋಣೆಗಳ ಗಾಳಿಯನ್ನು ಯಂತ್ರಕ್ಕೆ ಹಿಂತಿರುಗಿಸುವ ರಿಟರ್ನ್ ಡಕ್ಟಿನ ಒಂದು ಜೋಡಣೆ ಪೂರ್ತಿ ಬಿಟ್ಟುಹೋಗಿತ್ತು. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಗಂಭೀರವಾದದ್ದು. ಗಾಳಿ ಹೊರಹೋಗುವ ಬದಿಯಲ್ಲಿ ಸೋರಿದರೆ ತಂಪು ನಷ್ಟವಾಗುತ್ತದೆ. ಹೀರುವ ಬದಿಯಲ್ಲಿ ಸೋರಿದರೆ ಅಟ್ಟದ ಧೂಳು, ಬಿಸಿ, ವಾಸನೆಯೆಲ್ಲ ಮನೆಯೊಳಗೆ ಬರುತ್ತವೆ. ಮೇಜಿನ ಮೇಲಿನ ಧೂಳಿಗೂ ಆ ಮರದ ವಾಸನೆಗೂ ಮೂಲ ಅಲ್ಲಿಯೇ ಇತ್ತು. ಗ್ಯಾಸ್ ಉರಿಸುವ ಬಾಯ್ಲರ್ ಇರುವ ಕೋಣೆಯಲ್ಲಿ ಇಂಥ ಸೋರಿಕೆ ಇದ್ದರೆ, ಆ ಕೋಣೆಯ ಒತ್ತಡ ಇಳಿದು, ಚಿಮಣಿಯಿಂದ ಹೊರಹೋಗಬೇಕಾದ ಹೊಗೆ ಒಳಕ್ಕೇ ತಿರುಗಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಂಥ ಮನೆಗಳವರು ಈ ತಪಾಸಣೆಯನ್ನು ದಯವಿಟ್ಟು ಮುಂದೂಡಬಾರದು.

ಗ್ರಿಲ್ ಸುತ್ತಲಿನ ಕಪ್ಪು ಗೆರೆಗಳನ್ನು ನಾನು ಬೂಷ್ಟೆಂದು ಹೆದರಿದ್ದೆ. ಒರೆಸಿ ನೋಡಿದಾಗ ಅದು ಧೂಳಾಗಿತ್ತು. ಡಕ್ಟಿನ ತುದಿಯ ಪೆಟ್ಟಿಗೆಗೂ ಛಾವಣಿಗೂ ನಡುವಿನ ಸಂದಿನಲ್ಲಿ ನುಸುಳುವ ಗಾಳಿ ಅದನ್ನು ಅಲ್ಲಿ ಬಿಟ್ಟುಹೋಗುತ್ತಿತ್ತು. ನಿಜವಾದ ಬೂಷ್ಟು ಇದ್ದದ್ದು ಬೇರೆ ಕಡೆ, ಕಾಯಿಲಿನ ಪಕ್ಕದ ಫೈಬರ್‌ಗ್ಲಾಸ್ (ಗಾಜಿನ ನಾರು) ಹಲಗೆಯ ಡಕ್ಟಿನ ಒಳಮೈಯಲ್ಲಿ. ಅಲ್ಲಿ ನೀರು ನಿಂತು ನಿಂತು ನಾರು ಸಡಿಲಗೊಂಡಿತ್ತು. ಒದ್ದೆಯಾಗಿ ಬೂಷ್ಟು ಹಿಡಿದ ನಾರಿನ ಪದರವನ್ನು ಸ್ವಚ್ಛಗೊಳಿಸಿ ಉಳಿಸಿಕೊಳ್ಳಲಾಗದು, ತೆಗೆದು ಹೊಸದು ಹಾಕಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಯೂ ಇದೇ ಆಗಿದೆ.

ಕೊನೆಯ ಪರೀಕ್ಷೆ ಸೋರಿಕೆಯದು. ಎಲ್ಲ ಗ್ರಿಲ್‌ಗಳನ್ನು ಮುಚ್ಚಿ, ಅಳತೆಯ ಫ್ಯಾನೊಂದನ್ನು ಜೋಡಿಸಿ, ಡಕ್ಟುಗಳೊಳಗೆ 25 ಪಾಸ್ಕಲ್ ಒತ್ತಡ ತಂದು, ಆ ಒತ್ತಡವನ್ನು ಕಾಯ್ದುಕೊಳ್ಳಲು ಎಷ್ಟು ಗಾಳಿ ಊದಬೇಕಾಗುತ್ತದೆ ಎಂದು ನೋಡಿದರು. ಅಷ್ಟು ಗಾಳಿ ಸೋರುತ್ತಿದೆ ಎಂದು ಅರ್ಥ. ಇದಾದ ಮೇಲೆ ಅವರು ಬರೆದುಕೊಟ್ಟ ಪಟ್ಟಿ ನನಗೆ ನ್ಯಾಯವಾಗಿ ತೋರಿತು: ತಗಡಿನ ಮುಖ್ಯ ಕೊಳವೆ ಉಳಿಯಬೇಕು, ಅದರ ಜೋಡಣೆಗಳಿಗೆ ಮಾಸ್ಟಿಕ್ ಬಳಿಯಬೇಕು, ರಿಟರ್ನ್ ಡಕ್ಟನ್ನು ಸ್ಕ್ರೂ ಹಾಕಿ ಜೋಡಿಸಿ ಮುಚ್ಚಬೇಕು, ಜೋಲು ಬಿದ್ದ ಫ್ಲೆಕ್ಸ್ ಡಕ್ಟನ್ನು ಸರಿಯಾದ ಉದ್ದಕ್ಕೆ ಹೊಸದಾಗಿ ಎಳೆಯಬೇಕು, ಬೂಷ್ಟು ಹಿಡಿದ ಭಾಗವನ್ನು ತೆಗೆಯಬೇಕು, ಮತ್ತು ಅದಕ್ಕೂ ಮೊದಲು ಕಾಯಿಲಿನ ನೀರು ಹೋಗುವ ಪೈಪಿನಲ್ಲಿ ಕಟ್ಟಿಕೊಂಡದ್ದನ್ನು ತೆಗೆಯಬೇಕು. ಕೆಲಸ ಮುಗಿದು, ಮಾಸ್ಟಿಕ್ ಒಣಗಿದ ಮೇಲೆ ಅದೇ ಫ್ಯಾನಿನಿಂದ ಮತ್ತೆ ಅಳೆದರು. ಸೋರಿಕೆ ಮೊದಲಿದ್ದುದರ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿದಿತ್ತು.

ಕೊರತೆಗಳೂ ಇವೆ. ವರದಿಯಲ್ಲಿ ಅಂಕಿಗಳನ್ನು ಕೊಟ್ಟರೇ ಹೊರತು ಅವುಗಳ ಅರ್ಥವನ್ನು ಬರೆಯಲಿಲ್ಲ, ನಾನೇ ಒಂದೊಂದಾಗಿ ಕೇಳಿ ತಿಳಿಯಬೇಕಾಯಿತು. ಹೊಸ ಡಕ್ಟಿನ ಹೊದಿಕೆ ಒಂದು ಕಡೆ ಹರಿದಿತ್ತು. ಹೊರಗಿನ ತೇವವನ್ನು ತಡೆಯುವುದೇ ಆ ಹೊದಿಕೆಯಾದ್ದರಿಂದ ಇದು ಸಣ್ಣ ಲೋಪವಲ್ಲ. ತೋರಿಸಿದ ಮೇಲೆ ಮಾತ್ರ ಮುಚ್ಚಿಕೊಟ್ಟರು. ಉಳಿದ ಡಕ್ಟುಗಳೊಳಗೆ ಕ್ರಿಮಿನಾಶಕ ಸಿಂಪಡಿಸಿ ತೊಳೆಯುವ ಸೇವೆಯನ್ನೂ ಮುಂದಿಟ್ಟರು. ಬೂಷ್ಟಾಗಲಿ, ಇಲಿ ಹುಳುಗಳ ಕಾಟವಾಗಲಿ, ಗಾಳಿಯನ್ನು ತಡೆಯುವಷ್ಟು ಕಸವಾಗಲಿ ಇಲ್ಲದ ಡಕ್ಟುಗಳಿಗೆ ಅದರ ಅಗತ್ಯ ಕಾಣಲಿಲ್ಲವಾದ್ದರಿಂದ ಬೇಡವೆಂದೆ, ಅವರು ಒತ್ತಾಯಿಸಲಿಲ್ಲ. ತೀರಾ ಹಳೆಯ ಮನೆಯವರಿಗೆ ಒಂದು ಮಾತು: ಜೋಡಣೆಗಳ ಮೇಲೆ ಬಿಳಿಯ ಕಾಗದದಂಥ ಪಟ್ಟಿಯೋ ಹೊದಿಕೆಯೋ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಪರೀಕ್ಷೆ ಮಾಡಿಸುವ ತನಕ ಅದನ್ನು ಮುಟ್ಟಬಾರದು, ಕೆರೆಯಬಾರದು.

ಈಗ ಹಿಂಬದಿಯ ಕೋಣೆಯ ಗ್ರಿಲ್‌ನಲ್ಲಿ 15 ಡಿಗ್ರಿಯ ಗಾಳಿ ಬರುತ್ತಿದೆ, ಮರದ ವಾಸನೆ ನಿಂತಿದೆ, ಒರೆಸಿದ ಕಪ್ಪು ಗೆರೆಗಳು ಮರಳಿ ಮೂಡಿಲ್ಲ. ಬಾಗಿಲು ಮುಚ್ಚಿದಾಗ ಮಾತ್ರ ಆ ಕೋಣೆಯ ಗಾಳಿಗೆ ಹಿಂತಿರುಗುವ ದಾರಿ ಇಲ್ಲದೆ ಬಾಗಿಲಿನಡಿ ಸದ್ದು ಕೇಳಿಸುತ್ತದೆ. ಗೋಡೆಯಲ್ಲಿ ಗಾಳಿ ದಾಟುವ ಗ್ರಿಲ್ ಇಡಬೇಕೆಂದು ಅವರೇ ಸೂಚಿಸಿದ್ದರು. ಮುಂದಿನ ವಾರ ಅದೇ ತಂಡ ಆ ಕೆಲಸಕ್ಕೆ ಬರಲಿದೆ.